ಹಹ ಹಕ್ಕಿಯ ಸರದಿ

ಬಹಳ ಬಹಳ ಹಿಂದೆ, ಕಡಲಿನ ಪಕ್ಕದಲ್ಲಿ ಕುಂಕುಮಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರ ಮಕರಂದ ಬಲು ಚುರುಕು. ಯಾವ ವಿದ್ಯೆಯನ್ನಾದರೂ ಬೆಳಿಗ್ಗೆ ಕಲಿತು ಸಂಜೆಗೆ ಮರೆಯುತ್ತಿದ್ದ.

ಒಂದು ದಿನ ಮಬ್ಬಾಕ್ಷನೆಂಬ ಮಾಂತ್ರಿಕ ರಾಣಿ ಹೊನ್ನಾದೇವಿಯನ್ನು ಗಿಳಿಯಾಗಿಸಿ ಹೊತ್ತೊಯ್ದ. ತನ್ನ ಕೋಟೆಯಲ್ಲಿ ಮೂರು ಬಾಗಿಲುಗಳ ಹಿಂದೆ ಕೂಡಿಹಾಕಿದ. "ಮಾವು ಹೂ ಬಿಡೋದರೊಳಗೆ ಬಿಡಿಸಿಕೊಳ್ಳದಿದ್ದರೆ ಇವಳು ಕೊನೇತನಕ ಗಿಳಿಯೇ!" ಎಂದು ಗಹಗಹಿಸಿದ. ಬಾಗಿಲುಗಳಿಗೆ ಬೀಗವಿರಲಿಲ್ಲ. ಒಂದೊಂದರ ಮೇಲೂ ಜಪಾನ್ ದೇಶದ ಒಂದೊಂದು ಕಾಂಜಿ, ಅಂದರೆ ಚಿತ್ರದಂಥ ಅಕ್ಷರ, ಕೆತ್ತಿತ್ತು. ಅದನ್ನು ಸರಿಯಾಗಿ ಓದಿದವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು.

ಬಂದರಿನಲ್ಲಿ ಓತಾಕೆ ಎಂಬ ಜಪಾನಿ ಅಜ್ಜಿ ಇದ್ದಳು. ಹಡಗಿನಲ್ಲಿ ಬಂದವಳು ನಮ್ಮ ಹಲಸಿನ ಹಪ್ಪಳದ ರುಚಿಗೆ ಮನಸೋತು ಇಲ್ಲೇ ಉಳಿದುಬಿಟ್ಟಿದ್ದಳು. ಮಕರಂದ ಅವಳ ಕಾಲು ಹಿಡಿದ.

ಅಜ್ಜಿ ಕುಂಚ ಅದ್ದಿ ಒಂದು ಅಕ್ಷರ ಬರೆದಳು. "ಇದು ಹಹ. ಅಂದ್ರೆ ತಾಯಿ."

ಮಕರಂದ ಓದಿದ್ದೇ ತಡ, ಅಕ್ಷರ ಕಾಗದದಿಂದೆದ್ದು ಕಪ್ಪು ಹಕ್ಕಿಯಾಗಿ ಅವನ ಭುಜದ ಮೇಲೆ ಕೂತಿತು.

"ಇದನ್ನ ಯಾರು ಮರೀತಾರೆ? ಮುಂದಿನದು ಹೇಳಜ್ಜಿ!" ಎಂದ.

ಅಜ್ಜಿ ಹೇಳುತ್ತ ಹೋದಳು, ಅವನು ಕಲಿಯುತ್ತ ಹೋದ. ಅರಮನೆಯ ಹಜಾರವೆಲ್ಲ ಹಕ್ಕಿಗಳು. ಆದರೆ ಹಿಡಿದದ್ದನ್ನು ತಿರುಗಿ ನೋಡುವ ಅಭ್ಯಾಸ ನಮ್ಮ ಕುಮಾರನಿಗೆಲ್ಲಿತ್ತು? ಹೆಸರು ಹಿಡಿದು ಕರೆಯುವವರಿಲ್ಲದೆ ಹಕ್ಕಿಗಳು ಒಂದೊಂದಾಗಿ ಕಿಟಕಿಯಿಂದ ಹಾರಿಹೋದವು.

"ಸಾಕಷ್ಟು ಕಲಿತೆ" ಎಂದು ಅವನು ಕೋಟೆಗೆ ಹೊರಟ. ಮೊದಲ ಬಾಗಿಲಲ್ಲಿ ಆನೆಗಾತ್ರದ ನಾಯಿ ಗುರುಗುಟ್ಟುತ್ತಿತ್ತು. ಬಾಗಿಲ ಮೇಲಿನ ಅಕ್ಷರವನ್ನು ಎಲ್ಲೋ ನೋಡಿದ ಹಾಗಿತ್ತು. "ದಾಯ್! ಅಂದ್ರೆ ದೊಡ್ಡದು!" ಎಂದು ಕೂಗಿದ. ಅಯ್ಯೋ, ಅಕ್ಷರದ ಹೆಗಲ ಮೇಲಿದ್ದ ಚುಕ್ಕೆ ಅವನಿಗೆ ಕಾಣಲೇ ಇಲ್ಲ! ಚುಕ್ಕೆ ಇದ್ದರೆ ಅದು ಇನು, ಅಂದರೆ ನಾಯಿ. ತಪ್ಪು ಓದಿದ್ದಕ್ಕೆ ನಾಯಿ ಇನ್ನಷ್ಟು ದೊಡ್ಡದಾಯಿತು. ರೇಷ್ಮೆ ಪಂಚೆಯ ಹಿಂಭಾಗವನ್ನು ಅದರ ಬಾಯಿಗೆ ಬಿಟ್ಟು ಕುಮಾರ ಓಡಿಬಂದ.

"ಅಮ್ಮ ಗಿಳಿಯಾಗೇ ಉಳೀತಾಳೆ. ನನ್ನ ತಲೆ ತೂತು ಮಡಕೆ ಅಜ್ಜಿ" ಎಂದು ಬಿಕ್ಕಿ ಬಿಕ್ಕಿ ಅತ್ತ.

"ತಲೆ ನೆಟ್ಟಗೇ ಇದೆ. ಹಕ್ಕಿ ಹಿಡೀತೀಯ, ಕಾಳು ಹಾಕಲ್ಲ, ಅಷ್ಟೇ" ಎಂದಳು ಅಜ್ಜಿ. "ಹೊಸ ಹಕ್ಕೀನ ದಿನಾ ಕರಿ. ಪಳಗಿದ್ದನ್ನ ವಾರಕ್ಕೊಮ್ಮೆ. ಹಳೇದನ್ನ ಹುಣ್ಣಿಮೆಗೊಮ್ಮೆ. ಕರೆದಾಗ ಬರದಿದ್ರೆ ಅದು ಮತ್ತೆ ಹೊಸದು ಅಂದ್ಕೋ, ಬೇಜಾರಿಲ್ಲದೆ ಕಲಿ. ಸರದಿ ಮಾತ್ರ ತಪ್ಪಿಸಬೇಡ."

ಮಕರಂದ ಹಾಗೇ ಮಾಡಿದ. ಒಮ್ಮೆ ಕುಸ್ತಿ ನೋಡಲು ಹೋಗಿ ಸರದಿ ತಪ್ಪಿಸಿದ್ದಕ್ಕೆ, ಮರುದಿನ ಎರಡು ಪಟ್ಟು ಹಕ್ಕಿಗಳು ಹಾಸಿಗೆಯ ಮೇಲೇ ಬಂದು ಕೂತು ಕಿವಿ ಕುಕ್ಕಿದವು. ಆಮೇಲೆ ತಪ್ಪಿಸಲಿಲ್ಲ.

ಮಾವಿನ ಮರದಲ್ಲಿ ಮೊಗ್ಗು ಇಣುಕಿತು. ಕುದುರೆ ಸಿದ್ಧವಾಯಿತು. ಒಂದು ಕಾಲು ಮೇಲಿಟ್ಟವನಿಗೆ ನೆನಪಾಯಿತು: ಇವತ್ತು ಹುಣ್ಣಿಮೆ, ಹಹ ಹಕ್ಕಿಯ ಸರದಿ. 'ಅದನ್ನೇನು ಮರೆಯುತ್ತೇನೆಯೇ? ಹೊತ್ತಾಯಿತು' ಎಂದುಕೊಂಡ. ಆದರೂ ಮನಸ್ಸು ತಡೆಯಲಿಲ್ಲ. ಇಳಿದು ಕಾಳು ಹಿಡಿದು "ಹಹ" ಎಂದ. ಹಕ್ಕಿ ಬಂತು, ತಿಂದಿತು, ಹಾರಿತು.

ಮೊದಲ ಬಾಗಿಲಲ್ಲಿ "ಇನು!" ಎಂದ. ನಾಯಿ ಮರಿಯಾಗಿ ಕಾಲು ನೆಕ್ಕಿತು. ಎರಡನೇ ಬಾಗಿಲಲ್ಲಿ ಹುಲಿ. ಅಲ್ಲಿಯ ಅಕ್ಷರದಲ್ಲಿ ಮನುಷ್ಯನೊಬ್ಬ ಮರಕ್ಕೆ ಒರಗಿದ್ದ. "ಯಸುಮಿ! ಅಂದ್ರೆ ವಿಶ್ರಾಂತಿ!" ಎಂದ. ಹುಲಿ ಆಕಳಿಸಿ ಮಲಗಿತು.

ಮೂರನೇ ಬಾಗಿಲಲ್ಲಿ ಮಬ್ಬಾಕ್ಷನೇ ನಿಂತಿದ್ದ. "ಇವತ್ತು ನೆನೆಯದ್ದೆಲ್ಲ ಮರೆತುಹೋಗಲಿ!" ಎಂದು ಮಂಕುಬೂದಿ ಎರಚಿದ.

ಕುಮಾರನಿಗೆ ಕುದುರೆಯ ಹೆಸರು ಮರೆತುಹೋಯಿತು. ರಾಜ್ಯದ ಹೆಸರು ಮರೆತುಹೋಯಿತು. "ನಾನ್ಯಾರು?" ಎಂದು ಕೇಳಿದ.

"ಯಾರಿಗ್ಗೊತ್ತು!" ಎಂದು ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ.

ಮಕರಂದ ಬಾಗಿಲು ನೋಡಿದ. ಈ ಅಕ್ಷರಕ್ಕೆ ಬೆಳಿಗ್ಗೆಯಷ್ಟೇ ಕಾಳು ಹಾಕಿದ್ದ.

"ಹಹ" ಎಂದ. "ತಾಯಿ. ಅಮ್ಮಾ!"

ಬಾಗಿಲು ತೆರೆಯಿತು. ಗಿಳಿ ಪಟಪಟನೆ ಹಾರಿಬಂತು. ಅದರ ರೆಕ್ಕೆಯ ಗಾಳಿಗೆ ಉಳಿದ ಬೂದಿಯೆಲ್ಲ ಮಬ್ಬಾಕ್ಷನ ಮುಖಕ್ಕೇ ಬಡಿದು, ಅವನಿಗೆ ಮಂತ್ರಗಳೆಲ್ಲ ಮರೆತುಹೋದವು. ಗಿಳಿ ರಾಣಿಯಾಯಿತು.

"ನೀನು ಅಮ್ಮ ಅಂತ ಗೊತ್ತು. ನಾನ್ಯಾರು ಅನ್ನೋದೇ ಗೊತ್ತಿಲ್ಲ" ಎಂದ ಕುಮಾರ.

"ಮಕರಂದ" ಎಂದಳು ರಾಣಿ. ಅಷ್ಟಕ್ಕೇ ಅವನಿಗೆ ಎಲ್ಲವೂ ನೆನಪಾಯಿತು.

"ನಿನ್ನ ಮೇಲೂ ಅವನು ಬೂದಿ ಎರಚಲಿಲ್ವಾ ಅಮ್ಮ?"

"ದಿನಾ ಎರಚ್ತಿದ್ದ. ನಾನೂ ದಿನಾ ನಿನ್ನ ಹೆಸರು ಕರೀತಾ ಕೂತಿದ್ದೆ. ಗಿಳಿಗೆ ಬೇರೇನು ಕೆಲಸ?"

ಮಾವು ಹೂ ಬಿಟ್ಟಿತು. ಮಬ್ಬಾಕ್ಷ ಅರಮನೆಯ ಹಕ್ಕಿಗಳಿಗೆ ಕಾಳು ಹಾಕುತ್ತ, "ಇದರ ಹೆಸರೇನು?" ಎಂದು ಎಲ್ಲರನ್ನೂ ಕೇಳುತ್ತ ಹಾಯಾಗಿದ್ದ. ಅಜ್ಜಿಗೆ ಹಪ್ಪಳದ ಕೊರತೆಯಾಗಲಿಲ್ಲ. ಹುಣ್ಣಿಮೆ ಬಂತೆಂದರೆ ಮಕರಂದ ಹಿತ್ತಲಲ್ಲಿ ನಿಂತು "ಹಹ" ಎಂದು ಕರೆಯುತ್ತಿದ್ದ. ಹಕ್ಕಿಯೂ ಬರುತ್ತಿತ್ತು, ಅಮ್ಮನೂ ಬರುತ್ತಿದ್ದಳು.