ಗಗನಾಳ ಕಾರಿನ ಹಳದಿ ದೀಪ

"ಆ ಲೈಟ್ ಒಂದು ಕಿತ್ತುಬಿಡಿ, ಸಾಕು," ಎಂದಳು ಗಗನಾ.

"ಕೀಳಲ್ಲ," ಎಂದ ರಾಕೇಶ.

ಕಮ್ಮರಡಿಯ ಅವನ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಅವಳ ಡ್ರೈವಿಂಗ್ ಸ್ಕೂಲ್ ಕಾರು ನಿಂತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹಳದಿಯಾಗಿ ಉರಿಯುತ್ತಿತ್ತು. ಬ್ರೇಕ್ ಹಿಡಿಯುತ್ತಿದೆ, ದೀಪ ಮಾತ್ರ ಸುಮ್ಮನೆ ಹೆದರಿಸುತ್ತಿದೆ ಎಂಬುದು ಅವಳ ವಾದ. ಇವನಿಗೆ ಯಾಕಿಷ್ಟು ಹಟ? "ಹೇಗೂ ಮಾರೋ ಕಾರು," ಎಂದಳು.

"ಮಾರ್ತೀರಾ?" ಅವನ ಮುಖ ಸಪ್ಪಗಾಯಿತು. "ಯಾಕೆ?"

ಗಗನಾ ರಸ್ತೆಯತ್ತ ನೋಡಿದಳು. ಶೃಂಗೇರಿಯಿಂದ ಎನ್.ಆರ್. ಪುರದವರೆಗೆ ಅದೆಷ್ಟೋ ಹೆಂಗಸರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವಳು ಅವಳು. ಕಳೆದ ತಿಂಗಳು ಶಿಷ್ಯೆ ವನಜಮ್ಮನನ್ನು ಮನೆಗೆ ಬಿಡಲು ಹೋಗುವಾಗ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತ್ತು. ಬ್ರೇಕ್ ಒತ್ತಿದ್ದೇ ಚಕ್ರಗಳು ಕಚ್ಚಿಕೊಂಡವು. ಸ್ಟೇರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಜಾರಿ ಚರಂಡಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಅವಳ ಬಲಗಾಲಿಗೆ ಧೈರ್ಯವೇ ಉಳಿಯಲಿಲ್ಲ.

ಯಾರಿಗೂ ಹೇಳದ್ದನ್ನು ಇವನಿಗೆ ಹೇಳಿಬಿಟ್ಟಳು.

"ಆವಾಗ್ಲೂ ಈ ಲೈಟ್ ಉರೀತಿತ್ತಾ?"

"ಹೂಂ."

"ಎಂತ ಮಾರಾಯ್ರೆ, ಆಗ್ಲೇ ಬರೋದಲ್ವಾ!"

ಅವನು ಸ್ಕ್ಯಾನರ್ ಹಚ್ಚಿ ನೋಡಿದ. ರಿಲೇಯ ದೋಷ ಎಂದು ತೋರಿಸಿತು. ಬಾನೆಟ್ ಎತ್ತಿ ಅವಳನ್ನು ಪಕ್ಕಕ್ಕೆ ಕರೆದ.

"ಜೋರಾಗಿ ಬ್ರೇಕ್ ಒತ್ತಿದಾಗ ಎಬಿಎಸ್ಸು ಚಕ್ರಾನ ಹಿಡೀತದೆ, ಬಿಡ್ತದೆ, ಹಿಡೀತದೆ, ಬಿಡ್ತದೆ. ಅದಕ್ಕೇ ಸ್ಟೇರಿಂಗ್ ನಮ್ಮ ಮಾತು ಕೇಳೋದು. ಅದರ ಪಂಪಿಗೆ ಕರೆಂಟ್ ಕೊಡೋದು ಈ ರಿಲೇ. ಇದು ಸತ್ತರೆ ಬರೀ ಮಾಮೂಲಿ ಬ್ರೇಕ್. ತಪ್ಪೆಲ್ಲ ನಿಮ್ಮದಲ್ಲ."

ಕೊನೆಯ ಮಾತನ್ನು ಮೆಲ್ಲಗೆ ಹೇಳಿದ. ಗಗನಾ ಅಂಗಿಯ ತೋಳು ಮಡಿಸಿಕೊಂಡಳು.

"ನಾನೇ ಬದಲಾಯಿಸ್ಲಾ?"

"ಬದಲಾಯಿಸಿ."

ಅವನು ಹೇಳಿದಂತೆ ಕೀ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಪ್ಪು ರಿಲೇಯನ್ನು ನೆಟ್ಟಗೆ ಮೇಲೆಳೆದಳು. ಅದರಡಿಯ ತಗಡಿನ ಕಾಲೊಂದು ಸುಟ್ಟು ಕರಕಲಾಗಿತ್ತು. ಮೇಜಿನ ಮೇಲಿದ್ದ ಬ್ಯಾಟರಿಯ ವೈರುಗಳನ್ನು ಅವನು ಅದಕ್ಕೆ ಮುಟ್ಟಿಸಿದ. ಸದ್ದೇ ಇಲ್ಲ. ಹೊಸದನ್ನು ಅವಳ ಅಂಗೈಯಲ್ಲಿಟ್ಟು ಮುಟ್ಟಿಸಿದ.

ಟಿಕ್.

ಅಂಗೈಯಲ್ಲಿ ಸಣ್ಣ ಮಿಡಿತ. ಬೆರಗಿನಿಂದ ತಲೆಯೆತ್ತಿದರೆ ಅವನು ರಿಲೇಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ," ಎಂದಳು.

"ಸರಿ ಇದೆ ಅಂತ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಇನ್ನೊಂದ್ಸಲ."

ಅವನು ನಕ್ಕ. ಕಿವಿಯವರೆಗೂ ಕೆಂಪಾದ.

ಹೊಸ ರಿಲೇ ಕೂರಿಸಿ, ವೈರ್ ಬಿಗಿದು, ಗಾಡಿ ಶುರು ಮಾಡಿದಾಗ ಹಳದಿ ದೀಪ ಒಮ್ಮೆ ಹೊತ್ತಿ ಆರಿತು. ಇನ್ನು ಓಡಿಸಿ ನೋಡಬೇಕು. ಗಗನಾ ಸೀಟಿನಲ್ಲಿ ಕುಳಿತವಳು ಅಲುಗಾಡಲಿಲ್ಲ. ರಾಕೇಶ ಕೇಳದೆಯೇ ಪಕ್ಕದ ಬಾಗಿಲು ತೆಗೆದು ಹತ್ತಿದ.

ಊರಾಚೆಯ ಖಾಲಿ ಮೈದಾನದಲ್ಲಿ ಹುಲ್ಲಿನ್ನೂ ಒದ್ದೆಯಾಗಿತ್ತು. ವೇಗ ಏರಿತು. "ಈಗ ಒತ್ತಿ," ಎಂದ. ಅವಳ ಕಾಲು ಹಿಂಜರಿಯಿತು. ಕಾರು ಹಾಗೇ ಒಂದು ಸುತ್ತು ಬಂತು.

"ಅವಸರ ಎಂತದೂ ಇಲ್ಲ," ಎಂದ ಅವನು. "ಸಂಜೆವರೆಗೂ ಸುತ್ತಿದ್ರೂ ನಂಗೆ ಅಡ್ಡಿ ಇಲ್ಲ."

ಅವಳಿಗೆ ನಗು ಬಂತು. ಆ ನಗುವಿನಲ್ಲೇ ಬಲವಾಗಿ ಒತ್ತಿಬಿಟ್ಟಳು. ಪಾದದಡಿ ಪೆಡಲ್ ಗಡಗಡ ನಡುಗಿತು. ಸ್ಟೇರಿಂಗ್ ಎಡಕ್ಕೆಳೆದರೆ ಕಾರು ಎಡಕ್ಕೇ ತಿರುಗಿತು. ಕಾರು ಜಾರದೆ ನಿಂತಿತು. ಗಗನಾ ಸ್ಟೇರಿಂಗಿಗೆ ಹಣೆಯಾನಿಸಿ ಅತ್ತಳು, ನಕ್ಕಳು.

"ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೂ ನೀವು ಒಬ್ರೇ ಇರೋದು ಬೇಡ ಅನ್ನಿಸ್ತು."

"ಇವತ್ತು ಮಾತ್ರವಾ?"

ಅವನು ಬೆರಳಿಗಂಟಿದ್ದ ಗ್ರೀಸನ್ನು ಉಜ್ಜುತ್ತ ಹೇಳಿದ. "ಅಲ್ಲ. ದಿನಾ ನಿಮ್ಮ ಗಾಡಿ ಅಂಗಡಿ ಮುಂದೆ ಹೋಗೋವಾಗೆಲ್ಲ ಅನ್ನಿಸ್ತದೆ. ಮಾರ್ತೀನಿ ಅಂದಾಗ ಎದೆ ಧಸಕ್ ಅಂತು."

ಗಗನಾ ಕಣ್ಣೊರೆಸಿಕೊಂಡಳು. "ಮಾರಲ್ಲ. ಈಗ ಬೆಲ್ಟ್ ಹಾಕ್ಕೋ. ನೆಮ್ಮಾರಿನ ನಮ್ಮನೆಗೆ ಹೋಗೋಣ, ಅಪ್ಪನ ಹತ್ರ ಇದನ್ನೇ ಹೇಳು."

ಅವಳು ಏಕವಚನಕ್ಕೆ ಇಳಿದದ್ದು ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಈಗ್ಲಾ? ಕೈಯಾದ್ರೂ ತೊಳ್ಕೊಂಡು ಬರ್ತೀನಿ ಮಾರಾಯ್ತಿ, ಗ್ರೀಸು..."

"ಇರ್ಲಿ ಬಿಡು," ಎಂದು ಆ ಕೈಯನ್ನು ಹಾಗೇ ಹಿಡಿದುಕೊಂಡಳು.