ಎರಡು ಕಂಬ, ಒಂದು ಹಗ್ಗ

“ಶ್! ಸುಮ್ನಿರೆ, ರೇಡಿಯೋ ಮಾತಾಡ್ತಿದೆ!”

ಅಲಿನಾಫೆ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. ಸುದ್ದಿಯ ಹೊತ್ತಿನಲ್ಲಿ ಸಿಪ್ಪೆ ಒಡೆಯುವ ಸದ್ದೂ ಅಜ್ಜಿಗೆ ಆಗುವುದಿಲ್ಲ. ಊರಿನ ಮಕ್ಕಳೆಲ್ಲ ತಮ್ಮ ಅಜ್ಜಿಯರನ್ನು ಕರೆಯುವಂತೆ ಅಲಿನಾಫೆಯೂ ಅವಳನ್ನು ‘ಗೋಗೊ’ ಎಂದೇ ಕರೆಯುತ್ತಿದ್ದಳು. ಗೋಗೊ ಪುಟ್ಟ ರೇಡಿಯೋವನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಕಿವಿ ಬಾಗಿಸಿದ್ದಳು.

“...ನಾಮಿಕೋ ನದಿಯ ಕಾಲುಸೇತುವೆ ಪೂರ್ಣಗೊಂಡಿದೆ ಎಂದು ಜಿಲ್ಲಾ ಕಚೇರಿ ತಿಳಿಸಿದೆ. ಎರಡೂ ದಡದ ಜನರ ಮೂರು ವರ್ಷಗಳ ಕಷ್ಟ ಇಂದಿಗೆ ಕೊನೆಗೊಂಡಿದೆ. ಮುಂದಿನ ಸುದ್ದಿ, ಮೆಕ್ಕೆಜೋಳದ ಬೆಲೆ...”

ಮೆಕ್ಕೆಜೋಳದ ಬೆಲೆ ಏನಾಯಿತೋ ಗೋಗೊ ಕೇಳಲಿಲ್ಲ. ಮಂಡಿನೋವನ್ನೇ ಮರೆತು ಎದ್ದು ನಿಂತುಬಿಟ್ಟಿದ್ದಳು.

“ಶನಿವಾರ ಎನೆಲೆಸಿ ಮನೆಗೆ ಹೋಗ್ತೀನಿ,” ಅಂದಳು. “ಆ ಕೆಂಪು ಕೋಳಿ ಹಿಡಿದಿಡು. ಕಡಲೆಕಾಯಿ ಪುಡಿನೂ ಮಾಡ್ಬೇಕು.”

ಎನೆಲೆಸಿ ಗೋಗೊಳ ತಂಗಿ. ನದಿಯ ಆಚೆ ದಡದಲ್ಲಿ ಅವಳ ಮನೆ. ಮೂರು ವರ್ಷದ ಹಿಂದೆ ಬಿರುಗಾಳಿ ಮಳೆ ಬಂದು ಹಳೆಯ ಸೇತುವೆಯನ್ನು ಕೊಚ್ಚಿಕೊಂಡು ಹೋದಾಗಿನಿಂದ ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದೊಡ್ಡ ರಸ್ತೆಯ ಕಡೆಯಿಂದ ಸುತ್ತಿಕೊಂಡು ಹೋಗಬಹುದು. ಆದರೆ ಅರ್ಧ ದಾರಿಗೆ ಮಾತ್ರ ಮಿನಿಬಸ್ಸು. ಉಳಿದರ್ಧಕ್ಕೆ ಗೋಗೊಳ ಮಂಡಿ ಒಪ್ಪುವುದಿಲ್ಲ.

“ಗೋಗೊ, ನಮ್ಮ ಕ್ಲಾಸಿನ ಮಾಯೆಸೊ ಭಾನುವಾರ ನದಿ ಕಡೆ ಮೇಕೆ ಮೇಯಿಸೋಕೆ ಹೋಗಿದ್ನಂತೆ,” ಎಂದಳು ಅಲಿನಾಫೆ. “ಸೇತುವೆ ಇನ್ನೂ ಆಗಿಲ್ಲ ಅಂದ.”

“ಅವನು ನೋಡಿದ್ದು ಭಾನುವಾರ. ರೇಡಿಯೋ ಹೇಳ್ತಿರೋದು ಇವತ್ತು, ಗುರುವಾರ. ನಾಲ್ಕು ದಿನದಲ್ಲಿ ಏನು ಬೇಕಾದ್ರೂ ಆಗ್ಬಹುದು.”

ಅದೂ ಸರಿಯೇ ಅನ್ನಿಸಿತು ಅಲಿನಾಫೆಗೆ.

ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ ಡೈಸನ್ ಮಾವ ಕಿಸಕ್ಕೆಂದು ನಕ್ಕ. ಅವನು ಗೋಗೊಳ ಕಿರಿಯ ಮಗ. ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿಕೊಂಡು ಬೋಮಾಕ್ಕೆ ಬಿಟ್ಟು ಬರುವುದು ಅವನ ಕೆಲಸ. ಆ ಸೀಮೆಯಲ್ಲಿ ಬೋಮಾ ಅಂದರೆ ಜಿಲ್ಲೆಯ ಪೇಟೆಯೂ ಹೌದು, ಸರ್ಕಾರವೂ ಹೌದು.

“ಬೋಮಾದವರು ‘ಆಗಿದೆ’ ಅಂದ್ರೆ ಆಗಿಲ್ಲ ಅಂತ ಅರ್ಥ,” ಎಂದ. “ರೇಡಿಯೋದವರು ಅವರು ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಾರೆ. ಎಲ್ಲ ಸುಳ್ಳು.”

“ನೀನೊಬ್ಬ ಸತ್ಯವಂತ!” ಎಂದಳು ಗೋಗೊ.

“ಮಾವ, ನೀವು ಹೋಗಿ ನೋಡಿದ್ರಾ?” ಎಂದು ಅಲಿನಾಫೆ ಕೇಳಿದಳು.

“ನೋಡೋದೇನಿದೆ ಅದರಲ್ಲಿ?”

ಮರುದಿನ ಶಾಲೆಯಲ್ಲಿ ಮೇಡಂ ಕಪ್ಪುಹಲಗೆಯ ಮೂಲೆಯಲ್ಲಿ ‘ಇಂದಿನ ಸುದ್ದಿ’ ಎಂದು ಬರೆದು, ಅದರ ಕೆಳಗೆ ‘ನಾಮಿಕೋ ಸೇತುವೆ ಪೂರ್ಣ’ ಎಂದು ಬರೆದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮಾಯೆಸೊ ಕೈ ಎತ್ತಿದ. “ಮೇಡಂ, ಅಲ್ಲಿ ಬರೀ ಕಂಬ ಇದೆ.”

“ರೇಡಿಯೋಗಿಂತ ನಿನ್ನ ಮೇಕೆಗೆ ಜಾಸ್ತಿ ಗೊತ್ತೇನೋ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಯೆಸೊ ಮುಖ ಸಣ್ಣದು ಮಾಡಿಕೊಂಡು ಕೂತ.

ಅಲಿನಾಫೆ ನಗಲಿಲ್ಲ. ಗೋಗೊ ಹೇಳುವುದೊಂದು, ಮಾವ ಹೇಳುವುದೊಂದು, ಮಾಯೆಸೊ ಹೇಳುವುದೊಂದು. ಸೇತುವೆ ಮಾತ್ರ ಒಂದೇ. ಅದು ಹೇಗಿದೆಯೋ ಹಾಗೇ ಅಲ್ಲಿ ಇರುತ್ತದಲ್ಲ!

“ಸ್ಕೂಲ್ ಬಿಟ್ಟ ಮೇಲೆ ಹೋಗೋಣ್ವಾ?” ಎಂದು ಪಿಸುಗುಟ್ಟಿದಳು.

“ಒಂದು ಗಂಟೆ ನಡೀಬೇಕು,” ಎಂದ ಮಾಯೆಸೊ.

“ನಡೆದ್ರಾಯ್ತು.”

ದಾರಿಯುದ್ದಕ್ಕೂ ಜೋಳದ ದಂಟು ಒಣಗಿ ನಿಂತಿತ್ತು. ಬಿದಿರು ಮೆಳೆ ದಾಟುವ ಮೊದಲೇ ನೀರಿನ ಸದ್ದು ಕೇಳಿಸಿತು. ಮಳೆಗಾಲ ಮುಗಿಯುತ್ತ ಬಂದಿದ್ದರೂ ನದಿ ಇನ್ನೂ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು.

ಈ ದಡದಲ್ಲಿ ಒಂದು ಸಿಮೆಂಟ್ ಕಂಬ. ಆ ದಡದಲ್ಲಿ ಇನ್ನೊಂದು. ಎರಡರ ನಡುವೆ ನೀರಿನ ಮೇಲೆ ಒಂದು ಕಬ್ಬಿಣದ ಹಗ್ಗ. ಅಷ್ಟೇ.

ಕಂಬದ ಪಕ್ಕ ಒಂದು ಬೋರ್ಡು ಇತ್ತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ‘ಕಾಮಗಾರಿ ಪೂರ್ಣ.’ ಅಲಿನಾಫೆ ಬೆರಳಿಟ್ಟು ನೋಡಿದಳು. ಬೆರಳಿಗೆ ಬಣ್ಣ ಹತ್ತಿತು.

“ನಾನು ಹೇಳ್ಲಿಲ್ವಾ?” ಎಂದ ಮಾಯೆಸೊ. ಆದರೆ ಅವನ ಮುಖದಲ್ಲಿ ಗೆದ್ದ ಖುಷಿ ಕಾಣಲಿಲ್ಲ.

ಅಷ್ಟರಲ್ಲಿ ಆಚೆ ದಡದಲ್ಲಿ ಜನ ಕಂಡರು. ಅವರೂ ಸೇತುವೆ ನೋಡಲು ಬಂದವರೇ ಇರಬೇಕು. ಗುಂಪಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ತಲೆಯ ಮೇಲೆ ಬುಟ್ಟಿ, ಸೊಂಟಕ್ಕೆ ಹಳದಿ ಬಟ್ಟೆ. ಒಂದು ಕೈ ಸೊಂಟದ ಮೇಲಿಟ್ಟು, ಪಕ್ಕಕ್ಕೆ ವಾಲಿ ವಾಲಿ ನಡೆಯುತ್ತಿದ್ದಳು.

ಗೋಗೊ ನಡೆಯುವುದೂ ಹಾಗೇ.

“ಮಾಯೆಸೊ! ಅದು ನಮ್ಮ ಎನೆಲೆಸಿ ಗೋಗೊ!”

ಮುದುಕಿ ಕಂಬ ನೋಡಿದಳು, ಹಗ್ಗ ನೋಡಿದಳು, ನೀರು ನೋಡಿದಳು. ಆಮೇಲೆ ಬಟ್ಟೆ ಮೇಲಕ್ಕೆತ್ತಿ ಕಟ್ಟಿಕೊಂಡು ನೀರಿಗೆ ಕಾಲಿಟ್ಟಳು.

“ಬೇಡ! ಬರಬೇಡಿ!” ಅಲಿನಾಫೆ ಕಿರುಚಿದಳು. ನದಿಯ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇಬ್ಬರೂ ಎರಡೂ ಕೈ ಎತ್ತಿ ಬೀಸಿದರು, ಕುಣಿದರು. ಮಾಯೆಸೊ ಅಂಗಿ ಬಿಚ್ಚಿ ಬೀಸಿದ. ನೀರು ಮುದುಕಿಯ ಮಂಡಿಗೆ ಬಂತು. ಬುಟ್ಟಿ ಓಲಾಡಿತು. ಆಗ ಹಿಂದಿದ್ದ ಹೆಂಗಸೊಬ್ಬಳು ಓಡಿ ಬಂದು ಅವಳ ರಟ್ಟೆ ಹಿಡಿದು ದಡಕ್ಕೆಳೆದಳು.

ಎನೆಲೆಸಿ ತುಂಬ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ತಿರುಗಿ ಹೋದಳು.

ಮನೆಗೆ ಬಂದ ಅಲಿನಾಫೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗೋಗೊ ಪುಡಿ ಕುಟ್ಟುತ್ತಿದ್ದ ಒನಕೆಯನ್ನು ಗೋಡೆಗೆ ಒರಗಿಸಿದಳು.

“ನೀರಿಗೆ ಕಾಲಿಟ್ಟಳಾ?”

“ಹೂಂ. ಮಂಡಿವರೆಗೆ.”

“ನಾಳೆ ಮತ್ತೆ ಬರ್ತಾಳೆ. ನಂಗೆ ಅವಳು ಗೊತ್ತು. ಚಿಕ್ಕವಳಿದ್ದಾಗಿಂದ್ಲೂ ಹಟಮಾರಿ. ‘ನಿನ್ನೆ ನೀರು ಜಾಸ್ತಿ ಇತ್ತು, ಇವತ್ತು ಇಳಿದಿರುತ್ತೆ’ ಅಂತ ಬರ್ತಾಳೆ.” ಗೋಗೊ ರೇಡಿಯೋದ ಕಡೆ ನೋಡಿದಳು. ಅದು ಏನೂ ಅರಿಯದಂತೆ ಹಾಡುತ್ತಿತ್ತು. “ಅವಳ ಹತ್ರ ಫೋನಿಲ್ಲ. ಆದ್ರೆ ದಿನಾ ಸುದ್ದಿ ಕೇಳ್ತಾಳೆ. ಬೆಳಿಗ್ಗೆ ನಿಮ್ಮಮ್ಮ ಬೋಮಾ ಸಂತೆಗೆ ಹೋಗ್ತಾಳಲ್ಲ, ನೀನೂ ಹೋಗು. ಆ ಸುದ್ದಿ ಓದೋನಿಗೆ ಹೇಳಿ ಬಾ.”

“ನಾನಾ? ನೀವು ಹೇಳಿದ್ರೆ...”

“ನಾನು ನೋಡಿಲ್ಲ. ನೋಡಿದ್ದು ನೀನು.”

ರೇಡಿಯೋ ಕಚೇರಿ ಅಂದರೆ ಸಂತೆಯ ಹಿಂದೆ ಎರಡೇ ಕೋಣೆ. ಹೊರಗಿನ ಸದ್ದು ಬರದಂತೆ ಒಳಗಿನ ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟು ಅಂಟಿಸಿದ್ದರು. ಸುದ್ದಿ ಓದುವ ಲಿಂಬಾನಿ ಆನೆಯಂಥ ಮನುಷ್ಯ ಇರಬೇಕು ಎಂದು ಅಲಿನಾಫೆ ಅಂದುಕೊಂಡಿದ್ದಳು. ಅಷ್ಟು ದಪ್ಪ ದನಿ ಅವನದು. ನೋಡಿದರೆ ಕಡ್ಡಿಯಂತಿದ್ದ. ಕೈಯಲ್ಲಿ ಅರ್ಧ ತಿಂದ ಬನ್ನಿತ್ತು.

“ಸರ್, ಸೇತುವೆ ಆಗಿಲ್ಲ,” ಎಂದಳು ಅಲಿನಾಫೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

ಲಿಂಬಾನಿ ಡ್ರಾಯರ್ ಎಳೆದು ಒಂದು ಕಾಗದ ತೋರಿಸಿದ. “ನೋಡು, ಜಿಲ್ಲಾ ಕಚೇರಿಯಿಂದ ಬಂದಿದ್ದು. ಸೀಲ್ ಇದೆ, ಸಹಿ ಇದೆ. ಇದರಲ್ಲಿದ್ದದ್ದನ್ನೇ ಓದಿದೀನಿ.”

“ನೀವು ಹೋಗಿ ನೋಡಿದ್ರಾ?”

ಲಿಂಬಾನಿ ಬನ್ನನ್ನು ಮೇಜಿನ ಮೇಲಿಟ್ಟ. “ಇಲ್ಲ. ನಮ್ಮ ಮೋಟಾರ್ ಸೈಕಲ್ ಕೆಟ್ಟಿದೆ. ಇಲ್ಲಿಂದ ಅಲ್ಲಿಗೆ...” ಎಂದವನು ಮಾತು ಅರ್ಧಕ್ಕೇ ಬಿಟ್ಟ. “ಸರಿ. ನೀನು ನೋಡಿದ್ಯಾ?”

“ನೋಡಿದೆ.”

“ಏನೇನು ನೋಡಿದೆ? ನಿಧಾನಕ್ಕೆ ಹೇಳು.” ಅವನು ಪೆನ್ನು ತೆಗೆದ.

“ಎರಡು ಕಂಬ, ಒಂದು ಹಗ್ಗ. ಹಲಗೆ ಒಂದೂ ಇಲ್ಲ. ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ. ಆಚೆ ದಡಕ್ಕೆ ನೂರು ಜನ ಬಂದಿದ್ರು.”

“ನೂರು?”

ಅಲಿನಾಫೆಯ ಕಿವಿ ಬಿಸಿಯಾಯಿತು. ನೂರು ಎಲ್ಲಿಂದ ಬಂತು? ಬಾಯಿಗೆ ತಾನಾಗಿಯೇ ಬಂದುಬಿಟ್ಟಿತ್ತು. ನೂರು ಅಂದರೆ ಅವನು ಹೆಚ್ಚು ನಂಬುತ್ತಾನೆ ಅನ್ನಿಸಿತ್ತು.

“ಅಲ್ಲ ಸರ್... ಏಳೆಂಟು ಜನ ಇರ್ಬೇಕು. ನಾನು ಎಣಿಸಲಿಲ್ಲ.”

ಲಿಂಬಾನಿ ಬರೆದಿದ್ದನ್ನು ಹೊಡೆದುಹಾಕಿದ. ನಗಲಿಲ್ಲ. “ಏಳೆಂಟು. ಎಣಿಸಿಲ್ಲ,” ಎನ್ನುತ್ತ ಬರೆದುಕೊಂಡ. ಆಮೇಲೆ ಜಿಲ್ಲಾ ಕಚೇರಿಯ ಸಾಹೇಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

“ಪೂರ್ಣ ಅಂದ್ರೆ ಪೂರ್ತಿ ಪೂರ್ಣ ಅಲ್ಲಪ್ಪ,” ಎಂದಿತು ಫೋನು. “ಮೊದಲ ಹಂತ ಪೂರ್ಣ. ಕಂಬದ ಕೆಲಸ. ‘ಮೊದಲ ಹಂತ’ ಅನ್ನೋದು ಟೈಪ್ ಮಾಡೋವಾಗ ಬಿಟ್ಟುಹೋಗಿರ್ಬೇಕು.”

“ಬೋರ್ಡಲ್ಲೂ ಬಿಟ್ಟುಹೋಗಿದೆ ಸರ್!” ಅಲಿನಾಫೆ ತಡೆಯಲಾರದೆ ಅಂದುಬಿಟ್ಟಳು.

ಫೋನಿನ ದನಿ ಏರಿತು. “ಯಾರದು?”

“ನೋಡಿ ಬಂದವರು,” ಎಂದ ಲಿಂಬಾನಿ.

“ಮುಂದಿನ ತಿಂಗಳೊಳಗೆ ಹಲಗೆ ಹಾಕ್ತೀವಿ. ಹಾಗಂತ ಹೇಳಿ,” ಎಂದು ಸಾಹೇಬರು ಫೋನಿಟ್ಟರು.

“ಟೈಪಿಂಗ್ ತಪ್ಪೇ ಇರುತ್ತಾ ಸರ್?”

“ಅವರು ಹಾಗಂದ್ರು. ನಂಗೆ ಗೊತ್ತಿಲ್ಲ.” ಲಿಂಬಾನಿ ತಲೆ ಕೆರೆದುಕೊಂಡ. “ಆದ್ರೆ ನನ್ನ ತಪ್ಪು ಯಾವುದು ಅಂತ ಗೊತ್ತು. ಬಾ ಒಳಗೆ.”

ಮಧ್ಯಾಹ್ನದ ಸುದ್ದಿ ಅದರಿಂದಲೇ ಶುರುವಾಯಿತು. “ಗುರುವಾರ ನಾವು ಹೇಳಿದ ಸುದ್ದಿ ತಪ್ಪು. ನಾವು ಹೋಗಿ ನೋಡದೆ ಹೇಳಿದೆವು. ನಾಮಿಕೋ ಸೇತುವೆಯ ಮೇಲೆ ಯಾರೂ ದಾಟುವಂತಿಲ್ಲ. ನೋಡಿ ಬಂದವಳು ಇಲ್ಲಿದ್ದಾಳೆ.” ಅವನು ಮೈಕನ್ನು ಅಲಿನಾಫೆಯ ಕಡೆಗೆ ತಿರುಗಿಸಿದ.

ಅವಳು ಕಂಬ, ಹಗ್ಗ, ಹಲಗೆಯ ಲೆಕ್ಕ ಹೇಳಿದಳು. ಆಮೇಲೆ ಲಿಂಬಾನಿ ಹೇಳಿಕೊಡದ ಮಾತನ್ನೂ ಹೇಳಿದಳು: “ಎನೆಲೆಸಿ ಗೋಗೊ, ದಯವಿಟ್ಟು ನೀರಿಗೆ ಇಳೀಬೇಡಿ. ಮುಂದಿನ ಶನಿವಾರ ನಿಮ್ಮ ಅಕ್ಕನ್ನ ದಡಕ್ಕೆ ಕರ್ಕೊಂಡು ಬರ್ತೀನಿ. ದೂರದಿಂದ್ಲೇ ನೋಡಬಹುದು.”

ಹೊರಡುವಾಗ ಲಿಂಬಾನಿ ಅವಳ ಕೈಗೆ ಒಂದು ಪುಟ್ಟ ನೋಟ್‌ಬುಕ್ ಕೊಟ್ಟ. “ಶನಿವಾರ ಹೋಗ್ತೀಯಲ್ಲ, ಏನು ಕಾಣುತ್ತೋ ಬರ್ಕೊಂಡು ಬಾ. ಆ ಹೊತ್ತಿಗೆ ಗಾಡಿ ರಿಪೇರಿ ಆದ್ರೆ ನಾನೂ ಬರ್ತೀನಿ.”

ಮನೆಯಲ್ಲಿ ಡೈಸನ್ ಮಾವ ಅಂಗಳದಲ್ಲೇ ಕಾದಿದ್ದ. “ಅಬ್ಬಬ್ಬಾ, ರೇಡಿಯೋ ರಾಣಿ ಬಂದ್ಲು! ಎಲ್ಲ ಸುಳ್ಳು ಅಂತ ನಾನು ಮೊದ್ಲೇ ಹೇಳ್ಲಿಲ್ವಾ? ಹಲಗೆ ಹಾಕ್ತೀವಿ ಅನ್ನೋದೂ ಸುಳ್ಳೇ, ಬರ್ಕೋ.”

ಅಲಿನಾಫೆ ನೋಟ್‌ಬುಕ್ ತೆಗೆಯಲಿಲ್ಲ. ಸೇತುವೆ ಆಗಿಲ್ಲ ಎಂದು ಮಾವ ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ‘ನೋಡೋದೇನಿದೆ’ ಅಂದವನೂ ಅವನೇ ಅಲ್ಲವೇ?

ಮುಂದಿನ ಶನಿವಾರ ಮಾವನೇ ಗೋಗೊಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ನದಿಗೆ ಬಂದ. ಅಲಿನಾಫೆ ಮತ್ತು ಮಾಯೆಸೊ ಹಿಂದೆ ಓಡಿದರು. ಲಿಂಬಾನಿಯ ಸುಳಿವಿರಲಿಲ್ಲ.

ಆಚೆ ದಡದಲ್ಲಿ, ನೀರಿನಿಂದ ಸಾಕಷ್ಟು ಮೇಲೆ, ಮಾವಿನ ಮರದ ಕೆಳಗೆ ಎನೆಲೆಸಿ ಕೂತಿದ್ದಳು. ಗೋಗೊಳನ್ನು ಕಂಡವಳೇ ಎದ್ದು ನಿಂತಳು. ಅಕ್ಕ ಇಲ್ಲಿಂದ ಕೂಗಿದಳು, ತಂಗಿ ಅಲ್ಲಿಂದ ಕೂಗಿದಳು. ಒಬ್ಬರ ಮಾತೂ ಇನ್ನೊಬ್ಬರಿಗೆ ಕೇಳಿಸಲಿಲ್ಲ. ಆದರೂ ಇಬ್ಬರೂ ಒಟ್ಟಿಗೇ ಮಾತಾಡುತ್ತಲೇ ಇದ್ದರು. ಮಾವ ಸೈಕಲ್ಲಿನ ಹ್ಯಾಂಡಲ್ ಹಿಡಿದು ನೀರನ್ನೇ ನೋಡುತ್ತ ನಿಂತ.

ಅಲಿನಾಫೆ ಕಂಬದ ಹತ್ತಿರ ಕೂತು ನೋಟ್‌ಬುಕ್ ತೆರೆದಳು. ಎರಡು ಕಂಬ. ಹಗ್ಗ ಈಗ ಎರಡು. ಹಲಗೆ ಇಲ್ಲ. ಬೋರ್ಡಿನಲ್ಲಿ ‘ಪೂರ್ಣ’ ಅನ್ನುವುದರ ಮೇಲೆ ಯಾರೋ ಹಸಿರು ಬಣ್ಣ ಬಳಿದಿದ್ದಾರೆ.

“ಅಲ್ನೋಡು!” ಮಾಯೆಸೊ ಆಚೆ ದಡಕ್ಕೆ ಬೆರಳು ತೋರಿಸಿದ. ಅಲ್ಲಿ ಕಂಬದ ಪಕ್ಕ ನೀಲಿ ಟಾರ್ಪಾಲು ಹೊದಿಸಿದ ಉದ್ದನೆಯ ರಾಶಿಯಿತ್ತು. “ಹಲಗೆ ಬಂದಿದೆ! ಬರಿ, ಬರಿ!”

“ಖಾಲಿ ಸಿಮೆಂಟ್ ಚೀಲ ಇರ್ಬೇಕು,” ಎಂದ ಮಾವ.

ಗೋಗೊ ಕೂಗುವುದನ್ನು ನಿಲ್ಲಿಸಿ ಮೊಮ್ಮಗಳ ಕಡೆ ತಿರುಗಿದಳು. “ಹಲಗೆಯೇನೇ?”

ಅಲಿನಾಫೆ ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದಳು. ಹಲಗೆಯೇ ಇರಲಿ ಎಂದು ಅವಳ ಮನಸ್ಸೆಲ್ಲ ಕೂಗುತ್ತಿತ್ತು. ಗಾಳಿ ಬೀಸಿ ಟಾರ್ಪಾಲಿನ ಒಂದು ಮೂಲೆ ಎದ್ದಿತು, ಮತ್ತೆ ಮಲಗಿತು.

ಅವಳು ಪೆನ್ಸಿಲ್ ಒತ್ತಿ, ಗುಂಡಗೆ ಬರೆದಳು: ‘ಆಚೆ ದಡದಲ್ಲಿ ನೀಲಿ ಟಾರ್ಪಾಲು ಮುಚ್ಚಿದ ಒಂದು ರಾಶಿ. ಒಳಗೆ ಏನಿದೆ, ಇನ್ನೂ ಗೊತ್ತಿಲ್ಲ.’