ಮೂವತ್ತೊಂದು ಗೈರುಹಾಜರಿ

ಜೂನ್ 28, ಭಾನುವಾರ. ಬೆಳಿಗ್ಗೆ 7.40ಕ್ಕೆ ಜಮಖಂಡಿ ಠಾಣೆಗೆ ಬಂದ ಸಾವಿತ್ರೆವ್ವನಿಗೆ ಮಾತು ಹೊರಡಬೇಕಾದರೆ ಮೊದಲು ನೀರು ಕುಡಿಸಬೇಕಾಯಿತು. ಕೈಯಲ್ಲಿ ಮಗಳ ಫೋಟೊ ಇತ್ತು. ಮೇಜಿನ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು.

ಇನ್ಸ್‌ಪೆಕ್ಟರ್ ಶಿವಯೋಗಿ ಅಂಗಡಿಯವರು ಅವಳ ಎದುರು ಕುಳಿತು ಕೇಳಿದರು. "ಮಗಳ ಹೆಸರು?"

"ಸೌಂದರ್ಯಾ ರೀ. ಇಪ್ಪತ್ತಾರು ವರ್ಷ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಾಗ ಕಂಪ್ಯೂಟರ್ ಕೆಲಸ. ಗುತ್ತಿಗಿ ಮ್ಯಾಲ ಅದಾಳ."

"ಯಾವಾಗಿಂದ ಕಂಡಿಲ್ಲ?"

"ನಿನ್ನಿ ಮುಂಜಾನಿ ಹತ್ತೂವರಿಗೆ ಹೋದಾಕಿ. ತಾಸಿನ್ಯಾಗ ಬರ್ತೇನಿ ಅಂದಿದ್ಲು. ಹನ್ನೊಂದರಿಂದ ಫೋನ್ ಬಂದ್ ಐತಿ."

"ನಿನ್ನಿ ನಾಕನೇ ಶನಿವಾರ. ಆಫೀಸ್ ಸೂಟಿ."

"ಯಾರೋ ಫೋನ್ ಮಾಡಿ ಕರದ್ರು ರೀ. ಯಾರಂತ ಹೇಳ್ಲಿಲ್ಲ. ವಾರದಿಂದ ಸರಿಯಾಗಿ ಉಂಡಿಲ್ಲ ಆಕಿ. 'ಮಂಗಳವಾರದ ತನಕ ಬಾಯಿ ಮುಚ್ಚಿಕೊಂಡಿರು ಅಂತಾರ ಯವ್ವಾ, ನಾ ಸುಮ್ನಿದ್ರ ಅವರ ಬಾಳೇವು ಹಾಳಾಗತೈತಿ' ಅಂತಿದ್ಲು."

"ಯಾರ ಬಾಳೇವು?"

ಸಾವಿತ್ರೆವ್ವನಿಗೆ ಅದು ಗೊತ್ತಿರಲಿಲ್ಲ.

8.15ಕ್ಕೆ ಎಫ್‌ಐಆರ್ ದಾಖಲಾಯಿತು. ಸೌಂದರ್ಯಾಳ ಮೊಬೈಲಿನ ಕರೆ ವಿವರ ಕೋರಿ ಕಂಪನಿಗೆ ಪತ್ರ ಹೋಯಿತು. ಇನ್ಸ್‌ಪೆಕ್ಟರರು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮಾಯವ್ವನನ್ನು ಕರೆದುಕೊಂಡು ಸಾವಿತ್ರೆವ್ವನ ಮನೆಗೆ ನಡೆದರು.

ನೆರೆಯ ಇಬ್ಬರು ಪಂಚರ ಸಮಕ್ಷಮ ಸೌಂದರ್ಯಾಳ ಕೋಣೆಯ ಪಂಚನಾಮೆ ನಡೆಯಿತು. ಹಾಸಿಗೆಯ ಕೆಳಗೆ ಎರಡು ಕಾಗದ ಸಿಕ್ಕವು. ಒಂದು, ಸರ್ಕಾರದ ಸುತ್ತೋಲೆ. ಹೊಸ ತಿದ್ದುಪಡಿ ಕಾಯ್ದೆಯ ಪ್ರಕಾರ ಜಿಲ್ಲೆಯ ಸಣ್ಣ ವಿಶ್ವವಿದ್ಯಾಲಯವನ್ನು ಹಳೆಯ ದೊಡ್ಡ ವಿಶ್ವವಿದ್ಯಾಲಯದೊಳಗೆ ವಿಲೀನ ಮಾಡುವುದು, ಜೂನ್ 30ರ ಸಂಜೆ ಐದರೊಳಗೆ ಎಲ್ಲ ದಾಖಲೆ ಒಪ್ಪಿಸುವುದು ಎಂದು ಅದರಲ್ಲಿತ್ತು. ಕೊನೆಯ ಕಲಮಿನ ಕೆಳಗೆ ಕೆಂಪು ಗೆರೆ ಎಳೆದಿತ್ತು: 'ಹಸ್ತಾಂತರದ ನಂತರ ಅಂಕ ವಹಿಗಳಲ್ಲಿ ಯಾವುದೇ ತಿದ್ದುಪಡಿಗೆ ಅವಕಾಶವಿರುವುದಿಲ್ಲ.'

ಇನ್ನೊಂದರಲ್ಲಿ ಕೈಬರಹದ ಮೂವತ್ತೊಂದು ನೋಂದಣಿ ಸಂಖ್ಯೆಗಳು. ಪ್ರತಿಯೊಂದರ ಮುಂದೆ 'ಗೈರು' ಎಂಬ ಒಂದೇ ಶಬ್ದ. ಹತ್ತೊಂಬತ್ತನೆಯದಕ್ಕೆ ಸುತ್ತು ಹಾಕಿ, 'ಗಂಗಾಂಬಿಕಾ, ಬನಹಟ್ಟಿ' ಎಂದು ಬರೆದು, ಮನೆಯ ಗುರುತು ಗೀಚಿತ್ತು.

"ಮಂಗಳವಾರ ಅಂದ್ರ ಮೂವತ್ತನೇ ತಾರೀಖು," ಮಾಯವ್ವ ಹೇಳಿದಳು. "ಅದು ದಾಟಿದ್ರ ಇವರು ಕಾಯಂ ಗೈರು."

9.50ಕ್ಕೆ ಇನ್ಸ್‌ಪೆಕ್ಟರರು ಪರೀಕ್ಷಾ ವಿಭಾಗದ ಅಧೀಕ್ಷಕ ನೀಲಕಂಠ ಮಠಪತಿಯವರ ಮೊಬೈಲಿಗೆ ಕರೆ ಮಾಡಿದರು. ಸಣ್ಣ, ಮೆತ್ತಗಿನ ಧ್ವನಿ. ಪ್ರತಿ ಮಾತಿಗೂ ಮೊದಲು ಒಮ್ಮೆ ಗಂಟಲು ಸರಿಪಡಿಸಿಕೊಳ್ಳುವ ರೂಢಿ.

"ನಾ ಶುಕ್ರವಾರ ಸಂಜೀನ ಬೀಳಗಿಗೆ ತಂಗಿ ಮನಿಗೆ ಬಂದೇನಿ ಸರ್. ಆ ಹುಡುಗಿ ಭಾಳ ಛಲೋ. ವಿಲೀನ ಆದ್ರ ಗುತ್ತಿಗಿ ನೌಕರಿ ಹೋಗತೈತಿ ಅಂತ ಹೆದರಿದ್ಲು. ಎಲ್ಲೆರ ಹೋಗಿರಬೇಕು."

"ಆಫೀಸ್ ಕೀಲಿ ಯಾರ ಹಂತ್ಯಾಕ ಐತಿ?"

"ನನ್ನ ಹಂತ್ಯಾಕ ಸರ್. ಶುಕ್ರವಾರ ಹಾಕಿದ್ದು ಸೋಮವಾರ ತೆಗಿಯೂದು."

ಇನ್ಸ್‌ಪೆಕ್ಟರರು ಕಾನ್‌ಸ್ಟೆಬಲ್ ಭೀಮಶಿಯನ್ನು ಬಸ್ ನಿಲ್ದಾಣದ ವಿಚಾರಣೆಗೆ ಬಿಟ್ಟು, ಮಾಯವ್ವನೊಂದಿಗೆ ಬನಹಟ್ಟಿಗೆ ಹೊರಟರು.

ಶಂಕರೆಪ್ಪನ ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಅವನ ಮಗಳು ಗಂಗಾಂಬಿಕಾ ಒಂದರ ಮುಂದೆ ನಿಂತು ಕಡಿದ ಎಳೆ ಕೂಡಿಸುತ್ತಿದ್ದಳು. ಖಾಕಿ ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಸೌಂದರ್ಯಾ ಇಲ್ಲಿ ಬಂದಿದ್ಲೇನು?"

"ಇಲ್ರೀ."

ಮಾಯವ್ವ ಅವಳ ತೋಳು ಹಿಡಿದು ಮಗ್ಗಗಳ ಸದ್ದಿನಿಂದ ಆಚೆ, ಒಳಗೆ ಕರೆದೊಯ್ದಳು. "ಆಕಿ ನಿನ್ನಿಯಿಂದ ಮನಿಗೆ ಬಂದಿಲ್ಲವ್ವಾ. ಅವರ ತಾಯಿ ಠಾಣೆದಾಗ ಕುಂತಾಳ. ನಿನಗೇನರ ಗೊತ್ತಿದ್ರ ಈಗ ಹೇಳು."

ಗಂಗಾಂಬಿಕಾ ಗೋಡೆಗೆ ಆತು ಕುಳಿತಳು.

"ಶುಕ್ರವಾರ ಸಂಜಿಮುಂದ ಬಂದಿದ್ಲು ರೀ. ಎರಡು ವರ್ಷದ ಹಿಂದ ನಾ ತೇರದಾಳ ಸೆಂಟರಿನ್ಯಾಗ ಬಿಎ ಕಡೀ ಪರೀಕ್ಷಾ ಬರದಿದ್ದೆ. ರಿಸಲ್ಟಿನ್ಯಾಗ ಗೈರು ಅಂತ ಬಂತು. ಮೂರು ಅರ್ಜಿ ಕೊಟ್ಟೆ, ಯಾರೂ ಉತ್ತರ ಬರೀಲಿಲ್ಲ. ಅಪ್ಪಗ ನಾ ಪರೀಕ್ಷಾಕ ಹೋಗದ ಎಲ್ಲೋ ತಿರಗಾಕ ಹೋಗಿದ್ದೆ ಅಂತ ಸಂಶಯ ಬಂತು. ಸಾಲಿ ಬಿಡಿಸಿ ಮಗ್ಗಕ್ಕ ನಿಲ್ಲಿಸಿದ."

ಅವಳು ಅಕ್ಕಿ ಡಬ್ಬಿಯ ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ ಗಂಟು ತೆಗೆದಳು. ಒಳಗೆ ಪರೀಕ್ಷಾ ಕೊಠಡಿಯ ಹಾಜರಿ ಪಟ್ಟಿಗಳು, ಮೌಲ್ಯಮಾಪಕರ ಅಂಕಪಟ್ಟಿ. ಮೂವತ್ತೊಂದೂ ಮಂದಿಯ ಸಹಿ ಅಲ್ಲಿತ್ತು. ಗಂಗಾಂಬಿಕಾಳ ಹೆಸರಿನ ಮುಂದೆ ಅರವತ್ತೆಂಟು ಅಂಕ.

"ಸೋಮವಾರ ಕುಲಸಚಿವರ ಮುಂದ ಇಡ್ತೇನಿ, ಆಫೀಸಿನ್ಯಾಗಿದ್ರ ಉಳಿಯಂಗಿಲ್ಲ, ಅಲ್ಲಿತನಕ ಯಾರಿಗೂ ಕೊಡಬ್ಯಾಡ ಅಂತ ಆಣಿ ಮಾಡಿಸಿಕೊಂಡ್ಲು. ನಿನ್ನಿ ಮಧ್ಯಾಹ್ನದಿಂದ ಯಾರೋ ಫೋನ್ ಮಾಡಾಕತ್ತಾರ್ರೀ. ಮೊದಲ ಸಲ, ಯಾರರ ಬಂದಿದ್ರೇನು ಅಂತ ಕೇಳಿದ್ರು. ನನಗ ಮಾತ ತೊದಲ್ತು. ರಾತ್ರಿ ಮತ್ತ ಮಾಡಿದ್ರು."

ಇನ್ಸ್‌ಪೆಕ್ಟರರು ಬಾಗಿಲ ಕಡೆ ನೋಡಿದರು. ಶಂಕರೆಪ್ಪ ಅಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ. ಒಳಬಂದು ಮಗಳ ಸಹಿಯನ್ನು ಬೆರಳಿಂದ ಮುಟ್ಟಿ ನೋಡಿದ. ಹೊರಗೆ ಹೋಗಿ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದ.

11.35ಕ್ಕೆ ಇನ್ಸ್‌ಪೆಕ್ಟರರ ಮೊಬೈಲಿಗೆ ಕರೆ ವಿವರ ಬಂತು. ಶನಿವಾರ 10.05ಕ್ಕೆ ಸೌಂದರ್ಯಾಳಿಗೆ ಬಂದ ಕೊನೆಯ ಕರೆ ಸ್ಥಿರ ದೂರವಾಣಿಯದು. ಪರೀಕ್ಷಾ ವಿಭಾಗದ ಸಂಖ್ಯೆ. ಬೀಗ ಹಾಕಿದ್ದ ಕಚೇರಿಯಿಂದ ಬಂದ ಕರೆ.

ಅದನ್ನು ಮಾಯವ್ವನಿಗೆ ತೋರಿಸುತ್ತಿರುವಾಗಲೇ ಗಂಗಾಂಬಿಕಾಳ ಫೋನ್ ರಿಂಗಾಯಿತು. ಪರದೆಯ ಮೇಲೂ ಅದೇ ಸಂಖ್ಯೆ.

ಇನ್ಸ್‌ಪೆಕ್ಟರರು ಸ್ಪೀಕರ್ ಹಾಕುವಂತೆ ಸನ್ನೆ ಮಾಡಿದರು. ಅವಳು ಹಸಿರು ಗುಂಡಿ ಒತ್ತಲು ಎರಡು ಸಲ ತಪ್ಪಿದಳು.

"ಗಂಟು ನಿನ್ನ ಹಂತ್ಯಾಕ ಐತಿ," ಆ ಕಡೆಯ ಧ್ವನಿ ಹೇಳಿತು. "ನನಗ ಗೊತ್ತಾಗೇತಿ."

"ಸೌಂದರ್ಯಾ ಅಕ್ಕಾರು ಎಲ್ಲಿ ಅದಾರ್ರೀ?"

ಧ್ವನಿ ಗಂಟಲು ಸರಿಪಡಿಸಿಕೊಂಡಿತು. "ಆಕಿಗೆ ನೀರು ಬೇಕಾಗೇತಿ. ನೀ ಗಂಟು ಕೊಟ್ರ ಬಾಗಲಾ ತೆಗೀತೇನಿ. ಮಧ್ಯಾಹ್ನದೊಳಗ ತಂದುಕೊಡು. ಬಿಸಲ ಭಾಳ ಐತಿ."

ಬೆದರಿಕೆಯ ಗಡಸು ಅದರಲ್ಲಿರಲಿಲ್ಲ. ಬೇಡಿಕೊಳ್ಳುವಂತಿತ್ತು.

ಬೆಳಿಗ್ಗೆ ಬೀಳಗಿಯಲ್ಲಿದ್ದೇನೆಂದ ಧ್ವನಿ ಅದೇ. ಇನ್ಸ್‌ಪೆಕ್ಟರರು ಹೊರಗೆ ಬಂದು ಭೀಮಶಿಗೆ ಕರೆ ಮಾಡಿದರು. "ಪರೀಕ್ಷಾ ವಿಭಾಗಕ್ಕ ಹೋಗು. ಅಧೀಕ್ಷಕ ಒಳಗ ಅದಾನ. ಹೊರಗ ಬಿಡಬ್ಯಾಡ, ಹೊಡೀಬ್ಯಾಡ. ಹುಡುಗಿ ಎಲ್ಲೆದಾಳ ಅನ್ನೂದು ಅವನೊಬ್ಬನಿಗೆ ಗೊತ್ತು."

ಜೀಪು ಜಮಖಂಡಿಯ ದಾರಿ ಹಿಡಿಯಿತು. ಆ ವರ್ಷ ಮಳೆ ಇನ್ನೂ ಹಿಡಿದಿರಲಿಲ್ಲ. ಗಾಳಿಯೂ ಕಾದಿತ್ತು. ಇಪ್ಪತ್ತೈದು ತಾಸು ನೀರಿಲ್ಲದೆ ಎಂದು ಮಾಯವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

12.20. ನೀಲಕಂಠ ತನ್ನ ಕುರ್ಚಿಯಲ್ಲೇ ಕುಳಿತಿದ್ದ. ಐವತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಮುಂದೆ ಮೂವತ್ತೊಂದು ಮಂದಿಯ ಫೋನ್ ಸಂಖ್ಯೆಗಳ ಪಟ್ಟಿ, ಒಂದೊಂದಕ್ಕೂ ಗುರುತು.

"ಸೌಂದರ್ಯಾ ಎಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

ನೀಲಕಂಠ ಮುಂದಿದ್ದ ಪಟ್ಟಿಯನ್ನು ಮಡಚಿದ.

"ಜೀವಂತ ಅದಾಳೇನು?"

ಮಾಯವ್ವ ಅವನ ಮುಖದ ಹತ್ತಿರ ಬಗ್ಗಿ ನಿಧಾನವಾಗಿ ಕೇಳಿದಳು. "ಕಡೀಕ ನೀರು ಯಾವಾಗ ಕೊಟ್ರಿ?"

"ಕೊಟ್ಟಿಲ್ರಿ," ಎಂದ ನೀಲಕಂಠ, ಮತ್ತು ಜೇಬಿನಿಂದ ಒಂದು ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಮುಧೋಳ ರಸ್ತಾದ ಗೋದಾಮು. ಹಳೇ ಉತ್ತರಪತ್ರಿಕಿ ಇಡೂದು."

12.50ಕ್ಕೆ ಬೀಗ ತೆಗೆದರು. ತಗಡಿನ ಚಾವಣಿಯ ಕೆಳಗೆ ಕಿಟಕಿಯಿಲ್ಲದ ಕೋಣೆ. ಸೂರಿನ ತನಕ ಪೇರಿಸಿದ ಉತ್ತರಪತ್ರಿಕೆಗಳ ಮೂಟೆಗಳು. ಬಿಸಿಯೂ ಮುಗ್ಗಲು ವಾಸನೆಯೂ ಒಟ್ಟಿಗೆ ಮುಖಕ್ಕೆ ಬಡಿದವು. ಬಾಗಿಲ ಒಳಮೈ ತುಂಬ ಗೀರು, ಅಲ್ಲಲ್ಲಿ ರಕ್ತ.

"ಸೌಂದರ್ಯಾ," ಭೀಮಶಿ ಕೂಗಿದ.

ಏನೂ ಕೇಳಿಸಲಿಲ್ಲ. ಅವನು ಮತ್ತೆ ಕೂಗಿದ. ಮೂಟೆಗಳ ಹಿಂದೆ ಯಾರೋ ಉಸಿರು ಹಿಡಿದುಕೊಂಡಂತಾಯಿತು.

ಮಾಯವ್ವ ಗಂಡಸರನ್ನು ಹೊರಗೆ ನಿಲ್ಲಿಸಿ ಒಬ್ಬಳೇ ಒಳಗೆ ಹೋದಳು. "ನಾ ಪೊಲೀಸ್ ಅದೇನಿ ಯವ್ವಾ. ನಿಮ್ಮವ್ವ ಕಳಿಸ್ಯಾಳ."

ಹುಡುಗಿ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದಳು. ಕೈಬೆರಳ ಉಗುರುಗಳು ಮುರಿದಿದ್ದವು. ನೀರನ್ನು ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಅವಳಿಂದ ಬಂದದ್ದು ಒಂದೇ ಪ್ರಶ್ನೆ.

"ಇವತ್ತ ಯಾವ ವಾರ ರೀ?"

"ಭಾನುವಾರ."

ಸೌಂದರ್ಯಾ ಕಣ್ಣು ಮುಚ್ಚಿ ಮಾಯವ್ವನ ಭುಜಕ್ಕೆ ತಲೆಯಿಟ್ಟಳು.

ನೀಲಕಂಠನನ್ನು 2.10ಕ್ಕೆ ವಿಧ್ಯುಕ್ತವಾಗಿ ಬಂಧಿಸಲಾಯಿತು. ಸೋಮವಾರ ಹಾಜರಿ ಪಟ್ಟಿಗಳ ದೃಢೀಕೃತ ಪ್ರತಿ ಕುಲಸಚಿವರಿಗೆ ತಲುಪಿತು. ಹಸ್ತಾಂತರಕ್ಕೆ ಮುನ್ನ ಮೂವತ್ತೊಂದು ಸಾಲುಗಳನ್ನೂ ತಿದ್ದಿದರು.

ನೀಲಕಂಠನ ಹೇಳಿಕೆ ಎರಡು ಪುಟದ್ದು. ಫಲಿತಾಂಶ ಪ್ರಕಟಿಸುವ ಹಿಂದಿನ ದಿನ ತೇರದಾಳದ ಹಾಜರಿ, ಅಂಕಪಟ್ಟಿಗಳ ಒಂದು ಕಟ್ಟು ಕಾಣಲಿಲ್ಲ. ಮೇಲಿನವರ ಅವಸರಕ್ಕೆ, ಆಮೇಲೆ ಸರಿಪಡಿಸಿದರಾಯಿತೆಂದು 'ಗೈರು' ಎಂದು ತುಂಬಿದ. ಹತ್ತು ದಿನಕ್ಕೆ ಕಟ್ಟು ಕಪಾಟಿನ ಹಿಂದೆ ಸಿಕ್ಕಿತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗಿತ್ತು. ಯಾರಿಗೂ ಹೇಳಲಿಲ್ಲ. ಹೊಸ ಕಾಯ್ದೆ ಬಂದಾಗ, ಜೂನ್ 30 ದಾಟಿದರೆ ಯಾರೂ ಕೇಳುವುದಿಲ್ಲವೆಂದು ಎರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಮಾಡಿದ್ದ. ಆಗಲೇ ಸೌಂದರ್ಯಾ ಆ ಕಟ್ಟು ಬಿಚ್ಚಿದ್ದಳು. ಶನಿವಾರ ಕಚೇರಿಯಿಂದ ಫೋನ್ ಮಾಡಿ ಅವಳನ್ನು ಗೋದಾಮಿಗೆ ಕರೆಸಿದ; ಕಟ್ಟು ಕೊಡುವುದಿಲ್ಲವೆಂದಾಗ ಮೊಬೈಲು ಕಸಿದು ಹೊರಗಿನಿಂದ ಬೀಗ ಹಾಕಿದ.

ಸಹಿ ಮಾಡಿಸಿಕೊಂಡ ಮೇಲೆ ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿ, ಬರೆದುಕೊಳ್ಳದೆ ಕೇಳಿದರು.

"ಶನಿವಾರ ಸಂಜಿ ಮತ್ತ ಗೋದಾಮಿಗೆ ಹೋಗಿದ್ದೆ ಅಂತ ಹೇಳೀರಿ. ಆಕಿ ಬಾಗಲಾ ಬಡೀತಿದ್ದದ್ದು ಕೇಳಿಸ್ತೇನು?"

"ಕೇಳಿಸ್ತರಿ."

"ಕೀಲಿ ಕೈಯಾಗಿತ್ತು. ಯಾಕ ತೆಗೀಲಿಲ್ಲ?"

ನೀಲಕಂಠ ರೂಢಿಯಂತೆ ಒಮ್ಮೆ ಗಂಟಲು ಸರಿಪಡಿಸಿಕೊಂಡ.

"ತಗದ ಮ್ಯಾಲ ಆಕಿಗೆ ಏನು ಹೇಳಬೇಕು ತಿಳೀಲಿಲ್ರಿ," ಎಂದ.